ಹಂಚಿನ ಮೇಲಿನ ರೊಟ್ಟಿ

ಗೌರಕ್ಕ, ನಿನ್ನ ಗುಟ್ಟನ್ನು ಸವಣೂರಿನ ಸಿನಿಮಾ ಟೆಂಟಿನಲ್ಲಿ ಕೂಗಿ ಹೇಳಿದವನು ನಾನು. ಬಾಯಿತಪ್ಪಿ ಬಂದ ಮಾತು ಅಂತ ಇಷ್ಟು ವರ್ಷ ಎಲ್ಲರನ್ನೂ ನಂಬಿಸಿದೆ. ನನ್ನ ಬಾಯಿ ತಪ್ಪಿರಲಿಲ್ಲ.

ಆಗಿನ್ನೂ ಮಾತಿಲ್ಲದ ಚಿತ್ರಗಳು ಊರೂರು ಸುತ್ತುತ್ತಿದ್ದವು. ಪರದೆಯ ಪಕ್ಕ ನಿಂತು, ಇಂಗ್ಲಿಷಿನಲ್ಲಿ ಮೂಡುವ ಬರಹವನ್ನು ಕನ್ನಡದಲ್ಲಿ ಹೇಳುವುದು ನನ್ನ ಕೆಲಸ. ನನ್ನ ಇಂಗ್ಲಿಷು ಅಷ್ಟಕ್ಕಷ್ಟೇ; ಉಳಿದದ್ದೆಲ್ಲ ನಾಲಗೆಯ ಜೋರು. ಆ ಸಲ ಬಂದದ್ದು ಪರದೇಶದ ಭಯದ ಚಿತ್ರ. ಪಾಳುಬಿದ್ದ ಹುಚ್ಚರ ಆಸ್ಪತ್ರೆ, ಎಲ್ಲರೂ ಬಿಟ್ಟುಹೋದ ಮೇಲೂ ಒಳಗೇ ಉಳಿದ ಒಬ್ಬ ಹೆಂಗಸು, ಅವಳು ಬಡಿಯುವ ಬಾಗಿಲು. ಜನ ಹೆದರಲಿಲ್ಲ, ನಕ್ಕರು. ಬಿಳಿ ಹೆಂಗಸಿನ ಹುಚ್ಚು ಅವರಿಗೇನು ತಿಳಿಯಬೇಕು? ನಾಳೆಯೂ ಹೀಗೇ ಆದರೆ ಬೇರೆಯವನನ್ನು ನೋಡಿಕೊಳ್ಳುತ್ತೇನೆ ಅಂದ ಮಾಲೀಕ.

ಮರುದಿನ ಆ ಹೆಂಗಸು ಬಾಗಿಲು ಬಡಿದಾಗ ಅವಳ ಬಾಯಲ್ಲಿ ನಿನ್ನ ಮಾತು ಇಟ್ಟೆ.

"ಬಾಗಲಾ ತಗೀರಿ... ಹಂಚಿನ ಮ್ಯಾಲ ರೊಟ್ಟಿ ಐತ್ರಿ."

ಟೆಂಟಿಗೆ ಟೆಂಟೇ ತಣ್ಣಗಾಯಿತು. ಹೆಂಗಸರ ಕಡೆಯಿಂದ ಅಳು ಕೇಳಿಸಿತು. ಆಮೇಲೆ ಶಿಗ್ಗಾವಿಯಿಂದ, ಹಿರೇಬೆಂಡಿಗೇರಿಯಿಂದ ಗಾಡಿ ಹೂಡಿಕೊಂಡು ಬಂದರು. ಸಂತೆಯಲ್ಲಿ ಹುಡುಗರು ಆ ಮಾತನ್ನೇ ಅಣಕಿಸಿದರು. ನಾನು ಮೀಸೆ ತಿರುವಿಕೊಂಡು ಓಡಾಡಿದೆ — ನಾಚಿಕೆಗೆಟ್ಟವನು.

ಆ ಮಾತಿನ ಮೂಲ ನನಗೊಬ್ಬನಿಗೇ ಗೊತ್ತಿತ್ತು. ಬಾಣಂತನಕ್ಕೆ ಆಡೂರಿನ ನಮ್ಮ ಮನೆಗೆ ಬಂದವಳು ನೀನು. ಕೂಸು ಉಳಿಯಲಿಲ್ಲ, ನಿನ್ನ ಬುದ್ಧಿ ಕದಡಿತು. ಅಪ್ಪ ನಿನ್ನನ್ನು ಹುಚ್ಚರ ಆಸ್ಪತ್ರೆಗೆ ಒಯ್ದ. ಹಿರೇಕೆರೂರಿನ ನಿನ್ನ ಗಂಡನ ಮನೆಗೆ, ಬಾಣಂತಿ ಇನ್ನೂ ಸುಧಾರಿಸಿಲ್ಲ ಅಂತ ಹೇಳಿಕಳಿಸಿದ. ವಾಸಿಯಾಗಿ ಬಂದ ಮೇಲೆ ನೀನು ಹಿತ್ತಲಲ್ಲಿ ಕುಳಿತು, ಅಲ್ಲಿ ಏನೆಂದು ಕೂಗುತ್ತಿದ್ದೆ ಅನ್ನುವುದನ್ನು ನನ್ನೆದುರು ಆಡಿದೆ. ಗಂಡನ ಮನೆಗೆ ಮರಳಿದ ಮೇಲೆ ನಿದ್ದೆಯಲ್ಲೂ ಅದನ್ನೇ ಕನವರಿಸುತ್ತಿದ್ದೆಯಂತೆ. ನಮ್ಮ ಸೊಸೆಗೆ ಕನಸಿನಲ್ಲೂ ರೊಟ್ಟಿಯದೇ ಚಿಂತೆ ಅಂತ ನಿನ್ನ ಅತ್ತೆ ಓಣಿಯವರ ಮುಂದೆ ಹೇಳಿಕೊಳ್ಳುತ್ತಿದ್ದರು. ಇದನ್ನೂ ನೀನೇ ನಗುತ್ತ ಹೇಳಿದ್ದು.

ನನ್ನ ಹೆಸರು ಹಿರೇಕೆರೂರಿಗೂ ಮುಟ್ಟಿತು. ಅತ್ತೆ ನಿನ್ನನ್ನು ಕರೆದುಕೊಂಡು ಚಿತ್ರ ನೋಡಲು ಬಂದರು. ನಿಮ್ಮನ್ನು ಮುಂದೆ ಕೂಡಿಸಿದವನು ನಾನೇ. ಇವತ್ತು ಆ ಮಾತು ಬೇಡ ಅಂದುಕೊಂಡಿದ್ದೆ — ಅದು ನಿಜ. ಪರದೆಯ ಮೇಲಿನ ಹೆಂಗಸು ಬಾಗಿಲು ಬಡಿಯತೊಡಗಿದಳು, ನಾನು ಸುಮ್ಮನಿದ್ದೆ. ಹಿಂದಿನವರು "ರೊಟ್ಟಿ, ರೊಟ್ಟಿ" ಅಂತ ಕೂಗಿದರು. ನಿನಗೆ ತಿಳಿದುಹೋಯಿತು. ಪರದೆಯ ಬೆಳಕಿನಲ್ಲಿ ನಿನ್ನ ಮುಖ ಕಾಣುತ್ತಿತ್ತು. ಬೇಡ ಅಂತ ನೀನು ತಲೆಯಾಡಿಸಿದೆ.

ನಾನು ಆಡಿದೆ. ಎಂದಿಗಿಂತ ಚೆನ್ನಾಗಿ ಆಡಿದೆ.

ಚಿತ್ರ ಮುಗಿದ ಮೇಲೆ ಅತ್ತೆ ಕೇಳಿದ್ದು ಒಂದೇ. "ತಮ್ಮಾ, ಈ ಮಾತು ನಿನಗ ಎಲ್ಲಿ ಸಿಕ್ತು?"

ನಾನೇ ಕಟ್ಟಿದ್ದು ಅನ್ನಬಹುದಿತ್ತು. ದಿನವೂ ಇಲ್ಲದ್ದನ್ನು ಹೇಳಿಯೇ ಉಣ್ಣುತ್ತಿದ್ದ ನಾಲಗೆ ಆಗ ಹೊರಳಲಿಲ್ಲ. ನಾನು ನಿನ್ನ ಕಡೆ ನೋಡಿದೆ. ಬಾಣಂತನದ ದಿನಗಳಲ್ಲಿ ನೀನು ಎಲ್ಲಿದ್ದೆ ಅಂತ ತಿಳಿಯಲು ಅವರಿಗೆ ಅಷ್ಟು ಸಾಕಾಯಿತು.

"ನಿನಗಷ್ಟ ಹೇಳಿದ್ದೆನೋ," ಅಂದೆ ನೀನು.

ಮಾತು ಬಲ್ಲವನಿಗೆ ಜಗಳವಿಲ್ಲ ಅಂತಾರೆ. ನನಗೆ ಯಾವ ಜಗಳವೂ ಬರಲಿಲ್ಲ, ಅನುಭವಿಸಿದವಳು ನೀನು. ಅವರು ನಿನ್ನನ್ನು ಹೊರಗೆ ಹಾಕಲಿಲ್ಲ. ಒಲೆಯ ಮುಂದೆ ಕೂಡಿಸಲಿಲ್ಲ, ಅಷ್ಟೇ. ತಲೆ ಕೆಟ್ಟವಳ ಕೈಗೆ ಬೆಂಕಿ ಕೊಡಬಾರದಂತೆ. ಕಸ ಹೊಡೆ, ನೀರು ತಾ, ಹಿಟ್ಟು ಮುಟ್ಟಬೇಡ. ಗಂಡ ತೀರಿಕೊಂಡ ಮೇಲೆ ನನ್ನ ಮನೆಗೆ ಬಂದೆ. ಇಲ್ಲಿಯೂ ಒಲೆ ನನ್ನ ಹೆಂಡತಿಯದು. ಅಕ್ಕನೇ ಮಾಡಲಿ ಅಂತ ನಾನು ಒಂದು ದಿನವೂ ಅನ್ನಲಿಲ್ಲ.

ಇನ್ನೊಂದು ಉಳಿದಿದೆ. ಅದನ್ನು ನೀನೂ ಎತ್ತಿಲ್ಲ, ನಾನಂತೂ —

ನಿನ್ನನ್ನು ಆಸ್ಪತ್ರೆಗೆ ಒಯ್ಯುವ ದಿನ ಅಪ್ಪ ಗಾಡಿ ಹೂಡಿ ಬಾಗಿಲಲ್ಲಿ ನಿಂತಿದ್ದ. ನೀನು ರೊಟ್ಟಿ ಬಡಿಯುತ್ತಿದ್ದೆ, ಯಾರು ಕರೆದರೂ ಏಳಲಿಲ್ಲ. ಕೊನೆಗೆ ನನ್ನನ್ನು ಒಳಗೆ ಕಳಿಸಿದರು.

"ಅಕ್ಕಾ, ಒಂದೀಟು ಹೊರಗ ಹೋಗಿ ಬಾ. ರೊಟ್ಟಿ ನಾ ನೋಡ್ಕೋತೇನಿ," ಅಂದೆ ನಾನು.

ನೀನು ನಂಬಿ ಎದ್ದೆ. ಅಲ್ಲಿ ಬಾಗಿಲು ಬಡಿದು ಕೂಗಿದ್ದು ಆ ರೊಟ್ಟಿಗಾಗಿಯೇ.

ನೀನು ಹೊಸ್ತಿಲು ದಾಟಿದ್ದೇ ತಡ, ನಾನೂ ಗಾಡಿಯ ಹಿಂದೆ ಓಡಿದೆ. ರೊಟ್ಟಿ ನೋಡಲಿಲ್ಲ ಅಕ್ಕ. ಅದು ಹಂಚಿನ ಮೇಲೇ ಸೀದುಹೋಯಿತು.