ಆಯುಧಪೂಜೆಯ ದಿನ ಏಳದ ಕಂಪ್ಯೂಟರ್

ನಮ್ಮ ವಿಜಯನಗರದ ಮಾರೇನಹಳ್ಳಿಯಲ್ಲಿ ನನ್ನ ಗೆಳೆಯ ನಂಜುಂಡನ ಡಿಟಿಪಿ ಅಂಗಡಿಯಿದೆ. ಆಯುಧಪೂಜೆಯ ದಿನ ಅವನ ಕಂಪ್ಯೂಟರ್ ಸತ್ತುಹೋಯಿತು. ಕೊಂದವನು ನಾನು.

ಆಶ್ಚರ್ಯವೇ? ವಿಜಯನಗರದಲ್ಲಿ ನನ್ನ ಚೇಷ್ಟೆಗೆ ಬಲಿಯಾಗದ ಗಂಡಸಿಲ್ಲ. (ಅರವತ್ತೆಂಟನೇ ವಯಸ್ಸಿನಲ್ಲಿ ಕಂಪ್ಯೂಟರ್ ಕಲಿತದ್ದೇ ಅದಕ್ಕೆ.) ಹಿಂದಿನ ದಿನ ನಂಜುಂಡ ಕಾಫಿಗೆ ಹೋದಾಗ ರಿಜಿಸ್ಟ್ರಿ ತೆಗೆದೆ. ಅದು ಕಂಪ್ಯೂಟರಿನ ಜಾತಕ. ಎದ್ದಾಗ ಏನೇನು ಮಾಡಬೇಕೆಂದು ಅಲ್ಲೇ ಬರೆದಿರುತ್ತದೆ. ಪೂಜೆಯಾಗಿ ಸ್ವಿಚ್ ಹಾಕಿದೊಡನೆ ‘ನನ್ನ ಪಾಲಿನ ಕಡಲೆಪುರಿ ಎಲ್ಲಿ?’ ಅಂತ ಪರದೆ ಕೇಳಬೇಕು, ಅಷ್ಟೇ ನನ್ನ ಪ್ಲ್ಯಾನ್. ಅವಸರದಲ್ಲಿ ಬೇರೆ ಯಾವುದೋ ಸಾಲು ಅಳಿಸಿಬಿಟ್ಟೆ.

ಮರುದಿನ ಪೂಜೆ ಮಾಡಿದ್ದು ಸರೋಜಾ. ನಂಜುಂಡನ ತಂಗಿ. ಗಂಡ ತೀರಿಹೋಗಿ ಎರಡು ವರ್ಷ. ಅಂಗಡಿಯ ಟೈಪಿಂಗ್ ಎಲ್ಲ ಅವಳದೇ.

“ದಿನಾ ಕೆಲ್ಸ ಮಾಡೋಳು ನೀನು, ನೀನೇ ಮಾಡಮ್ಮ” ಎಂದು ನಂಜುಂಡನೇ ಆರತಿ ತಟ್ಟೆ ಕೊಟ್ಟ.

ಮಾನಿಟರಿಗೆ ಕುಂಕುಮವಿಟ್ಟಳು. ಸ್ವಿಚ್ ಒತ್ತಿದಳು. ನೀಲಿ ಪರದೆ. ಮತ್ತೆ ಒತ್ತಿದಳು. ಮತ್ತೆ ನೀಲಿ.

“ನಾನ್ ಬೇಡ ಅಂದೆ ತಾನೆ?” ನಂಜುಂಡನ ಹೆಂಡತಿ ಎಲ್ಲರೆದುರೇ ಅಂದಳು. “ಅವ್ರ ಕೈಲಿ ಯಾಕ್ರೀ ಕುಂಕುಮ ಇಡ್ಸಿದ್ರಿ?”

ನಾನು ಬಾಯಿ ಬಿಡಬೇಕಿತ್ತು. ಬಿಟ್ಟೆ. “ತಡಿಯೋ ನಂಜುಂಡ, ನಾನಿದೀನಿ ಕಣೋ!”

ಹಾರ್ಡ್ ಡಿಸ್ಕ್ ಬಿಚ್ಚಿ ಮನೆಗೊಯ್ದು, ನನ್ನ ಮೆಷೀನಿಗೆ ಸಿಕ್ಕಿಸಿ, ಕಡಲೆಪುರಿಯ ಸಾಲು ತೆಗೆದು, ಅಳಿಸಿದ ಸಾಲನ್ನು ಮತ್ತೆ ಬರೆದೆ. ಒಂದೇ ಗಂಟೆ. ತಂದು ಹಾಕಿದೊಡನೆ ಕಂಪ್ಯೂಟರ್ ಎದ್ದು ಕೂತಿತು.

“ಏನಾಗಿತ್ತೋ?”

“ವೈರಸ್ ಕಣೋ. ಭಾರೀ ಖತರ್ನಾಕ್. ಬೇರೆಯವ್ರಾಗಿದ್ರೆ ಕೈ ಎತ್ಬಿಡೋರು.”

ನಂಜುಂಡ ಬೆನ್ನು ತಟ್ಟಿದ. ಎರಡೆರಡು ಸಲ ಕಡಲೆಪುರಿ ಬಂತು.

“ವೈರಸ್ಸೋ ಏನೋ” ಅಂದಳು ಅವನ ಹೆಂಡತಿ. “ಇವತ್ತೇ ಯಾಕ್ ಬರ್ಬೇಕಿತ್ತು?”

ಉತ್ತರ ನನ್ನಲ್ಲಿತ್ತು. ಬಾಯ್ತುಂಬ ಕಡಲೆಪುರಿಯೂ ಇತ್ತು.

ಈಗ ಪ್ರತಿ ಶುಕ್ರವಾರ ಅಂಗಡಿಯ ಪೂಜೆ ಮುಗಿಯುವವರೆಗೆ ಸರೋಜಾ ಹೊರಗೆ ಮೆಟ್ಟಿಲ ಮೇಲೆ ನಿಂತಿರುತ್ತಾಳೆ. ಹೋದ ವಾರ ನಾನೇ ಕರೆದೆ. “ಬೇಡಿ ಅಣ್ಣ. ನೀವು ಮುಗಿಸ್ಕೊಳ್ಳಿ, ಆಮೇಲ್ ಬಂದು ಟೈಪ್ ಮಾಡ್ತೀನಿ” ಅಂದಳು. ಆ ಕೈ ಟೈಪ್ ಮಾಡಿದ ಲಗ್ನಪತ್ರಿಕೆಗಳು ಊರಿಗೆಲ್ಲ ಶುಭ. ಅದೇ ಕೈ ಕುಂಕುಮ ಮುಟ್ಟಿದರೆ ಮೆಷೀನ್ ಕೆಡುತ್ತದಂತೆ!

ಎದುರಿಗೆ ನಿಂತು ನಿಜ ಹೇಳುವ ಧೈರ್ಯ ನನಗಿಲ್ಲ. (ಹೌದು, ನನಗೇ.) ಆದರೆ ನಂಜುಂಡ ಪತ್ರಿಕೆಯಲ್ಲಿ ನಾನು ಬರೆಯುವ ಈ ಅಂಕಣವನ್ನು ಗಿರಾಕಿಗಳಿಗೆ ಗಟ್ಟಿಯಾಗಿ ಓದಿ ಹೇಳುತ್ತಾನೆ. ಓದಪ್ಪ, ನಿನ್ನ ಹೆಂಡತಿಗೂ ಕೇಳುವ ಹಾಗೆ ಓದು: ಕೆಡಿಸಿದ ಕೈ ನನ್ನದು.

ಈ ಶುಕ್ರವಾರ ಯಾರನ್ನು ಮೆಟ್ಟಿಲ ಮೇಲೆ ನಿಲ್ಲಿಸುತ್ತೀಯ?