ಗೋಡೆಗೆ ಮುಖ ಮಾಡಿ ಹಂಚಿದ ಮೇಸ್ತ್ರಿ

ಸರಕೆಂದು ತೂಗಿದರೆ ಮೇಸ್ತ್ರಿ ಹೆಚ್ಚು ಬೆಲೆ ಬಾಳುವ ಆಳಲ್ಲ. ಸೊಂಟ ಸವೆದಿತ್ತು, ಒಂದು ಕಿವಿ ಮಂದ, ನಗು ದಾಸ್ತಾನಿನಲ್ಲೇ ಇರಲಿಲ್ಲ. ಆದರೂ ಗೋದಾಮಿನ ಹಮಾಲರು ಅವನ ಮಾತಿಗೆ ಎದುರಾಡುತ್ತಿರಲಿಲ್ಲ. ಯಾಕೆಂದರೆ ಅವನು ಗೋಡೆಗೆ ಮುಖ ಮಾಡಿ ಕೆಲಸ ಹಂಚುತ್ತಿದ್ದ.

ಕೂಲಿ ಎಲ್ಲರಿಗೂ ಒಂದೇ. ಹೊರೆ ಮಾತ್ರ ಒಂದೇ ಅಲ್ಲ. ಬಾಗಿಲ ಬಳಿಯ ಮೂಟೆಗಳ ಅಟ್ಟಿ ಇಳಿಸುವುದು ಸಲೀಸು; ಸೂರಿಗೆ ತಾಗುವ ಒಳಗಿನ ಅಟ್ಟಿ ಜೀವ ಹಿಂಡುತ್ತಿತ್ತು. ಬೆಳಿಗ್ಗೆ ಮೇಸ್ತ್ರಿ ಗೋಡೆಗೆ ಮೂಗು ತಾಗಿಸಿ ನಿಲ್ಲುವನು. ಹಿಂದೆ ಒಬ್ಬ ಯಾವುದೋ ಅಟ್ಟಿ ತೋರಿಸಿ "ಇದು ಯಾರಿಗೆ?" ಎನ್ನುವನು. ಮೇಸ್ತ್ರಿ ಬಾಯಿಗೆ ಬಂದ ಹೆಸರು ಕೂಗುವನು. ತಮ್ಮನೇ ಇರಲಿ, ಷಡ್ಡಕನೇ ಇರಲಿ, ಮುಲಾಜಿಲ್ಲ. "ನಮ್ಮ ಮೇಸ್ತ್ರಿ ಬೆನ್ನಿಗೆ ಕಣ್ಣಿಲ್ಲ, ಅದೇ ನಮ್ಮ ಪುಣ್ಯ" ಎಂದು ಹಮಾಲರು ನಗುತ್ತಿದ್ದರು.

ಹಾಗೆ ಒಂದು ದಿನ ಒಳಗಿನ ಅಟ್ಟಿಗೆ ಕುಳ್ಳ ಎಂದು ಎಲ್ಲರೂ ಕರೆಯುತ್ತಿದ್ದ ಹಮಾಲನ ಹೆಸರು ಬಂತು. ಕುಳ್ಳ ಮರುಮಾತಾಡದೆ ಹತ್ತಿದ. ಅಟ್ಟಿ ಹತ್ತಲು ಹಾಕಿದ್ದ ಹಲಗೆಯ ಮೇಲಿಂದ ಮೂಟೆಯ ಸಮೇತ ಬಿದ್ದು ಸತ್ತ. ಎತ್ತುವಾಗಲೂ ಮೈ ಕೆಂಡದಂತಿತ್ತು. ಬೆಳಿಗ್ಗೆಯೇ ಜ್ವರವಂತೆ, ಸಾಲಿನಲ್ಲಿ ಪಕ್ಕದವನ ಭುಜ ಹಿಡಿದು ನಿಂತಿದ್ದನಂತೆ. ಎಲ್ಲರೂ ನೋಡಿದ್ದರು, ಮೇಸ್ತ್ರಿಯೊಬ್ಬನ ಹೊರತು.

"ನಿಂದೇನು ತಪ್ಪು? ನೀನು ನೋಡೇ ಇರ್ಲಿಲ್ವಲ್ಲ" ಎಂದರು ಹಮಾಲರು. ಆ ಸಮಾಧಾನವೇ ಅವನಿಗೆ ಮುಳ್ಳಾಯಿತು. ಮರುದಿನದಿಂದ ಗೋಡೆಗೆ ಮುಖ ಮಾಡಿದೊಡನೆ ಕುತ್ತಿಗೆಗೆ ಯಾರದೋ ಬಿಸಿ ಉಸಿರು ತಾಗುತ್ತಿತ್ತು. ತಿರುಗಿದರೆ ಹತ್ತಿರ ಯಾರೂ ಇಲ್ಲ. ಮನೆಯಲ್ಲೂ ಗೋಡೆ ಕಡೆ ಮಲಗುವುದನ್ನು ಬಿಟ್ಟ. "ಅದೇನು ಗೋಡೆ ಮೇಲೆ ಕೋಪ ನಿಮ್ಗೆ?" ಎಂದು ಹೆಂಡತಿ ಕೇಳಿದಾಗ ಚಾಪೆಯನ್ನು ಇನ್ನಷ್ಟು ಈಚೆಗೆ ಎಳೆದುಕೊಂಡ.

ಗಂಡನ ಬದಲು ಕುಳ್ಳನ ಹೆಂಡತಿ ಕೆಲಸಕ್ಕೆ ಬಂದು ಸಾಲಿನಲ್ಲಿ ನಿಂತಳು. ಒಳಗಿನ ಅಟ್ಟಿಗೆ ಇವಳ ಹೆಸರೇ ಬಂದರೆ ಎಂದು ಮೇಸ್ತ್ರಿಗೆ ದಿಗಿಲಾಯಿತು. ಆದರೂ ಅಭ್ಯಾಸಬಲದಿಂದ ಗೋಡೆಯತ್ತ ನಡೆದ.

"ಅಣ್ಣಾ," ಅವಳೇ ತಡೆದಳು. "ನನ್ನ ಗಂಡನಿಗೆ ನೋಡದೆ ಕೊಟ್ರಿ. ನನಗೆ ನೋಡಿ ಕೊಡಿ."

"ನೋಡಿದ್ರೆ ಮುಲಾಜು ಬರುತ್ತಮ್ಮ."

"ಬರ್ಲಿ. ಬೈಯೋಕೆ ನಂಗೊಂದು ಮುಖನಾದ್ರೂ ಸಿಗುತ್ತೆ. ಗೋಡೆನ ಎಷ್ಟೂಂತ ಬೈಲಿ?"

ಮೇಸ್ತ್ರಿ ತಿರುಗಿ ನಿಂತ. ಸಾಲಿನ ಹಿರಿಯನ, ಎಲ್ಲರೂ ಮಾವ ಅನ್ನುವವನ, ಮೊಣಕಾಲು ನಡುಗುತ್ತಿತ್ತು, ಅದೆಷ್ಟು ಕಾಲದಿಂದಲೋ. ಬಾಗಿಲ ಅಟ್ಟಿ ಅವನಿಗೆ ಕೊಟ್ಟ. ಒಳಗಿನದನ್ನು ಗೂಳಿಯಂತಿದ್ದ ತನ್ನ ತಮ್ಮನಿಗೆ.

"ಒಡಹುಟ್ಟಿದವನಿಗೇ ಬತ್ತಿ ಇಟ್ಟೆಯಲ್ಲಣ್ಣ," ತಮ್ಮ ಗೊಣಗಿದ.

ಅದರ ಪಕ್ಕದ್ದು, ಅದೂ ಹಗುರವಲ್ಲ, ಕುಳ್ಳನ ಹೆಂಡತಿಗೆ ಬಂತು. "ಮರುಕ ಹುಟ್ಟುತ್ತೇನೋ ಅಂದ್ಕೊಂಡೆ. ಗಂಡಾಳಿನ ಹೊರೆನೇ ಹೊರಿಸಿದ್ರಲ್ಲ," ಎಂದಳು.

"ಭುಜ ನೋಡಿದೆ" ಎಂದ ಮೇಸ್ತ್ರಿ.

ಅವಳು ಸೆರಗು ಬಿಗಿದು ಮೂಟೆ ಎತ್ತಿದಳು. ಎತ್ತುವ ಶಕ್ತಿ ಇತ್ತು, ಬೈಯುವ ಶಕ್ತಿಯೂ ಇತ್ತು. ಸಂಜೆಯವರೆಗೆ ಎರಡನ್ನೂ ಬಳಸಿದಳು.

ಈಗ ಅಲ್ಲಿ ದಿನಾ ಜಗಳ. ಮೇಸ್ತ್ರಿ ಎದುರು ನಿಂತೇ ಬೈಸಿಕೊಳ್ಳುತ್ತಾನೆ, ಕೆಲವೊಮ್ಮೆ ಹೊರೆ ಅದಲುಬದಲು ಮಾಡುತ್ತಾನೆ. ಸಾಲಿನ ಕೊನೆಯಲ್ಲಿ, ಕುಳ್ಳ ನಿಲ್ಲುತ್ತಿದ್ದಲ್ಲಿ, ಒಬ್ಬ ನಿಲ್ಲುವಷ್ಟು ಜಾಗ ಖಾಲಿ ಉಳಿದಿದೆ. ಮೇಸ್ತ್ರಿಯ ಕಣ್ಣು ಮೊದಲು ಅಲ್ಲಿಗೇ ಹೋಗಿ, ಸ್ವಲ್ಪ ಹೊತ್ತು ಅಲ್ಲೇ ನಿಂತು, ಆಮೇಲೆ ಉಳಿದವರತ್ತ ಬರುತ್ತದೆ.

ನನ್ನ ಅಂಗಡಿಯ ಮೂಟೆಗಳು ಆ ಸಾಲಿನವರ ಹೆಗಲ ಮೇಲೇ ಬರುತ್ತವೆ. ಹೊತ್ತದ್ದಕ್ಕೆ ಅವರ ಕೂಲಿ ಸಂದಿದೆ. ಆಳನ್ನು ಕಣ್ಣಿಟ್ಟು ನೋಡಿ ಕೆಲಸ ಹೇಳುವುದನ್ನು ಮೇಸ್ತ್ರಿಯಿಂದ ಕಲಿತೆ; ಆ ಋಣ ನನ್ನ ಮೇಲಿದೆ.