ಸುನಿಲ್ದಾ ಬರೆದ ಅಭಿಪ್ರಾಯ
ಪರಾಗ್ವೆ ದೇಶದ ಯತಾಯ್ತಿ ಎಂಬ ಊರಲ್ಲಿ ಕಸೂತಿ ಹಾಕಿ ಬದುಕುವ ಸುನಿಲ್ದಾಳ ಹೃದಯದ ಒಂದು ಕವಾಟ ಸರಿಯಾಗಿ ಮುಚ್ಚುತ್ತಿರಲಿಲ್ಲ. ತಿಂಗಳಿಗೊಮ್ಮೆ ಪೇಟೆಯ ಆಸ್ಪತ್ರೆಗೆ ಹೋದಾಗ ತರಬೇತಿಯಲ್ಲಿರುವ ಡಾಕ್ಟರೊಬ್ಬರು ಅವಳನ್ನು ಪರೀಕ್ಷಿಸುತ್ತಿದ್ದರು. ಆಮೇಲೆ ಅವರ ಬಗ್ಗೆ ಅಭಿಪ್ರಾಯ ಬರೆಯಲು ಅವಳ ಕೈಗೊಂದು ಚೀಟಿ ಬರುತ್ತಿತ್ತು. ‘ತುಂಬಾ ಒಳ್ಳೆಯವರು’ ಎಂದು ಎಲ್ಲರಿಗೂ ಬರೆದುಕೊಡುತ್ತಿದ್ದಳು.

ಒಂದು ದಿನ ನೆರೆಯಾ ಎಂಬ ಹುಡುಗಿ ಡಾಕ್ಟರು ಚೀಟಿ ಹಿಡಿದು ಸುನಿಲ್ದಾಳ ಹಿಂದೆಯೇ ಓಡಿಬಂದಳು. ಆ ಕಡೆ ಹಿರಿಯ ಹೆಂಗಸರನ್ನು ಗೌರವದಿಂದ ‘ನ್ಯಾ’ ಎನ್ನುತ್ತಾರೆ.

“ನ್ಯಾ ಸುನಿಲ್ದಾ, ಒಳ್ಳೆಯವಳು ಅಂತ ಬರೆದಿದ್ದೀರಲ್ಲ, ನಾನೇನು ಒಳ್ಳೇದು ಮಾಡ್ದೆ?”

“ನಗ್ತಾ ಮಾತಾಡಿಸ್ದೆಯಲ್ಲ ಮಗಳೇ!”

“ಅಷ್ಟೇನಾ? ನಗೋಕೆ ಆರು ವರ್ಷ ಓದ್ಬೇಕಿತ್ತಾ?”

ಇಬ್ಬರೂ ನಕ್ಕರು. ಆದರೆ ಬಸ್ಸಿನಲ್ಲಿ ಕೂತ ಸುನಿಲ್ದಾಳನ್ನು ಆ ಪ್ರಶ್ನೆ ಕೊರೆಯತೊಡಗಿತು. ಕಸೂತಿ ಕಲಿಯಲು ಬರುವ ಹುಡುಗಿಯರಿಗೆ ಬೆರಳಿಟ್ಟು ತೋರಿಸುತ್ತಾಳೆ, ‘ಇಲ್ಲಿ ದಾರ ಬಿಗಿಯಾಯ್ತು’ ಎಂದು. ಈ ಡಾಕ್ಟರುಗಳು ನಿಜಕ್ಕೂ ಏನು ಮಾಡುತ್ತಾರೆ? ತಾನು ಗಮನಿಸಿಯೇ ಇರಲಿಲ್ಲವಲ್ಲ!

ಮುಂದಿನ ತಿಂಗಳು ತಲವೇರಾ ಎಂಬ ಹೊಸ ಡಾಕ್ಟರು ಸಿಕ್ಕ. ಸುನಿಲ್ದಾ ಕಣ್ಣು ಕೀಲಿಸಿ ನೋಡಿದಳು. ಆವತ್ತು ಚೀಟಿ ಬರೆಯಲು ಅರ್ಧ ಗಂಟೆ ಹಿಡಿಯಿತು.

“ಏನು ನ್ಯಾ, ಉಯಿಲು ಬರೀತಿದ್ದೀರಾ?” ಎಂದು ನರ್ಸು ಛೇಡಿಸಿದಳು.

ಅವಳು ಬರೆದದ್ದು ಇಷ್ಟು: ‘ಸ್ಟೆತಾಸ್ಕೋಪನ್ನು ಅಂಗೈಯಲ್ಲಿ ಬೆಚ್ಚಗೆ ಮಾಡಿ ಎದೆಗಿಟ್ಟಿರಿ. ಅದನ್ನು ಬಿಡಬೇಡಿ. ಏದುಸಿರು ಯಾವಾಗ ಎಂದು ಕೇಳಿದಿರಿ. ಬಟ್ಟೆ ಹಿಂಡುವಾಗ ಎಂದೆ. ಅಷ್ಟರಲ್ಲೇ ತಲೆ ತಗ್ಗಿಸಿ ಬರೆಯತೊಡಗಿದಿರಿ. ನನ್ನದು ಇನ್ನೊಂದು ಮಾತಿತ್ತು, ಹೇಳಲಿಲ್ಲ. ಇನ್ನು ಮೇಲೆ “ಮತ್ತೇನಾದರೂ ಇದೆಯಾ?” ಎಂದು ಕೇಳಿ, ಸ್ವಲ್ಪ ಕಾಯಿರಿ.’

ನಾಲ್ಕನೆಯ ದಿನ ತಲವೇರಾ ಅವಳ ಮನೆ ಬಾಗಿಲಲ್ಲಿ ನಿಂತಿದ್ದ.

“ಬೇಜಾರಾಯ್ತಾ ಮಗಾ?”

“ಮೊದಲನೇ ದಿನ ಆಯ್ತು. ಆಮೇಲೆ ತಲೇಲಿ ಒಂದೇ ಹುಳ. ಆ ಇನ್ನೊಂದು ಮಾತು ಏನು ನ್ಯಾ?”

ಕೇಳಿ ಸುಮ್ಮನೆ ಕಾದ. ಸುನಿಲ್ದಾ ಅವನಿಗೆ ತೆರೆರೆ ಎಂಬ ತಣ್ಣನೆಯ ಸೊಪ್ಪಿನ ಕಷಾಯ ಕುಡಿಯಲು ಕೊಟ್ಟು ಹೇಳಿದಳು: “ಹದಿನೈದು ದಿನ ಆಯ್ತು, ರಾತ್ರಿ ಅಡ್ಡಾದ್ರೆ ಉಸಿರು ಕಟ್ಟುತ್ತೆ. ಕುರ್ಚೀಲೇ ತೂಕಡಿಸ್ತೀನಿ.”

ತಲವೇರಾ ಕುಡಿಯುವುದನ್ನು ನಿಲ್ಲಿಸಿದ. “ಏಳಿ, ಈಗ್ಲೇ ಆಸ್ಪತ್ರೆಗೆ ಹೋಗೋಣ.”

ಔಷಧಿ ಬದಲಾಯಿತು. ಹತ್ತು ದಿನದಲ್ಲಿ ಸುನಿಲ್ದಾ ಮಂಚದ ಮೇಲೆ ಕಾಲು ಚಾಚಿ ಮಲಗುವಂತಾದಳು.

ತರಬೇತಿ ಡಾಕ್ಟರುಗಳಿಗೆಲ್ಲ ಪಾಠ ಹೇಳುವ ಹಿರಿಯ ಡಾಕ್ಟರು ಇನ್ಸ್‌ಫ್ರಾನ್ ಆ ಚೀಟಿ ಓದಿ ಸುನಿಲ್ದಾಳನ್ನು ಕರೆಸಿದರು. ಆ ಡಾಕ್ಟರುಗಳ ಬಗ್ಗೆ ತಾವು ಬರೆದ ವರದಿಗಳನ್ನು ಮುಂದಿಟ್ಟರು. ಎಲ್ಲದರಲ್ಲೂ ‘ತೃಪ್ತಿಕರ’ ಎಂಬ ಒಂದೇ ಪದವಿತ್ತು.

“ನೀವು ಇಷ್ಟೆಲ್ಲ ಹೇಗೆ ಬರೆದ್ರಿ?”

“ನೋಡಿದ್ದು ಬರೆದೆ ಡಾಕ್ಟರಮ್ಮ. ಅವರು ನಮ್ಮನ್ನ ಪರೀಕ್ಷೆ ಮಾಡೋವಾಗ ನೀವು ಎಲ್ಲಿರ್ತೀರಿ?”

ಸೋಮವಾರ ನೋಡಿದರೆ, ಇನ್ಸ್‌ಫ್ರಾನ್ ತಪಾಸಣೆ ಕೋಣೆಯ ಮೂಲೆಯಲ್ಲಿ ಸ್ಟೂಲು ಹಾಕಿಕೊಂಡು, ಪೆನ್ನು ಹಿಡಿದು ಕೂತಿದ್ದರು.